ಜೈನ ಅಡುಗೆಮನೆಯಲ್ಲಿ ಮೆಯೊನೀಸ್: ಆಯ್ಕೆ, ತಯಾರಿಕೆ ಮತ್ತು ಎಚ್ಚರಿಕೆ

ಮೆಯೊನೀಸ್ ಮೂಲತಃ ಹಸಿ ಮೊಟ್ಟೆಯ ಹಳದಿ ಭಾಗ, ಎಣ್ಣೆ ಹಾಗೂ ವಿನೆಗರ್ ಅಥವಾ ನಿಂಬೆರಸ ಸೇರಿಸಿ ಕಡೆದು ಮಾಡುವ ಗಟ್ಟಿ ಸಾಸ್. ಆ ರೂಪದಲ್ಲಿ ಅದು ಜೈನರಿಗೆ ವರ್ಜ್ಯ. ಹಾಲಿನ ಪುಡಿ, ಸೋಯಾ ಪ್ರೋಟೀನ್ ಅಥವಾ ಪಿಷ್ಟ ಬಳಸಿದ ಎಗ್‌ಲೆಸ್ ಮೆಯೊನೀಸ್ ಬಂದ ಮೇಲೆ ಸ್ಯಾಂಡ್‌ವಿಚ್, ಸಲಾಡ್‌ಗಳ ಜೊತೆಗೆ ಅದು ನಮ್ಮ ಮನೆಗಳಿಗೂ ಬಂದಿದೆ. ಆದರೆ ಎಗ್‌ಲೆಸ್ ಎಂದ ಮಾತ್ರಕ್ಕೆ ಅದು ಜೈನ ಆಹಾರವಾಗುವುದಿಲ್ಲ, ಕೆಡುವುದಿಲ್ಲ ಎಂದೂ ಅರ್ಥವಲ್ಲ.

ಹಸಿರು ಗುರುತು ಏನು ಹೇಳುತ್ತದೆ?

ನಮ್ಮ ದೇಶದ ನಿಯಮದಂತೆ ಮೊಟ್ಟೆ ಮಾಂಸಾಹಾರದ ಪಟ್ಟಿಯಲ್ಲಿದೆ. ಆದ್ದರಿಂದ ಚೌಕದೊಳಗೆ ಹಸಿರು ವೃತ್ತವಿರುವ ಬಾಟಲಿಯಲ್ಲಿ ಮೊಟ್ಟೆ ಇರುವಂತಿಲ್ಲ. ಚೌಕದೊಳಗೆ ಕಂದು ತ್ರಿಕೋನವಿದ್ದರೆ ಅದು ಮಾಂಸಾಹಾರ. ಬೆಳ್ಳುಳ್ಳಿ, ಈರುಳ್ಳಿಯ ಬಗ್ಗೆ ಹಸಿರು ಗುರುತು ಏನನ್ನೂ ತಿಳಿಸುವುದಿಲ್ಲ. ಕೊಳ್ಳುವಾಗ ಇವನ್ನು ಗಮನಿಸಿ:

- ಪದಾರ್ಥಗಳ ಪಟ್ಟಿಯಲ್ಲಿ ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ ಇವೆಯೇ? ಬರೀ 'ಮಸಾಲೆಗಳು' ಎಂದಿದ್ದರೆ ಸಂಶಯ ಉಳಿಯುತ್ತದೆ. ಈರುಳ್ಳಿ-ಬೆಳ್ಳುಳ್ಳಿ ಇಲ್ಲವೆಂದು ಸ್ಪಷ್ಟವಾಗಿ ಬರೆದಿರುವುದನ್ನೇ ಆರಿಸಿ.
- ಜೇನುತುಪ್ಪ ಸೇರಿಸಿದ ಸಾಸ್ ಬೇಡ.
- ವಿನೆಗರ್ ಹುದುಗಿಸಿ ತಯಾರಿಸುವ ವಸ್ತು. ಅದನ್ನು ತ್ಯಜಿಸಿದವರು ನಿಂಬೆರಸ ಹಾಕಿ ಮನೆಯಲ್ಲೇ ಮಾಡಿಕೊಳ್ಳುವುದು ಒಳ್ಳೆಯದು.

ಹೋಟೆಲ್, ಬೀದಿಬದಿಯ ಗಾಡಿಗಳಲ್ಲಿ ತೆರೆದ ಡಬ್ಬದಿಂದ ಬಡಿಸುವ ಮೆಯೊನೀಸ್‌ಗೆ ಯಾವ ಗುರುತೂ ಇರುವುದಿಲ್ಲ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವ ಸಾಧ್ಯತೆಯಿಂದಾಗಿ 2023ರ ಜನವರಿಯಲ್ಲಿ ಕೇರಳ, 2024ರ ಅಕ್ಟೋಬರ್‌ನಲ್ಲಿ ತೆಲಂಗಾಣ, 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಹಸಿ ಮೊಟ್ಟೆಯ ಮೆಯೊನೀಸ್ ನಿಷೇಧಿಸಿದವು. ಹೊರಗೆ ತಿನ್ನುವಾಗ ಮೊಟ್ಟೆ ಇದೆಯೇ ಎಂದು ಕೇಳಿ. ಖಚಿತ ಉತ್ತರ ಸಿಗದಿದ್ದರೆ ಬಿಟ್ಟುಬಿಡಿ.

ಮನೆಯಲ್ಲಿ ಮಾಡುವ ವಿಧಾನ

ಕಾಯಿಸಿ, ಆರಿಸಿ, ಫ್ರಿಜ್‌ನಲ್ಲಿ ತಣ್ಣಗಾಗಿಸಿದ ಗಟ್ಟಿ ಹಾಲು ಕಾಲು ಕಪ್, ವಾಸನೆಯಿಲ್ಲದ ಸೂರ್ಯಕಾಂತಿ ಎಣ್ಣೆ ಅರ್ಧ ಕಪ್, ನಿಂಬೆರಸ ಎರಡು ಚಮಚ, ಸಾಸಿವೆ ಪುಡಿ ಕಾಲು ಚಮಚ, ಸಕ್ಕರೆ ಅರ್ಧ ಚಮಚ, ಉಪ್ಪು ಮತ್ತು ಕಾಳುಮೆಣಸಿನ ಪುಡಿ ಬೇಕಾಗುತ್ತವೆ. ತೊಳೆದು ಒರೆಸಿ ಒಣಗಿಸಿದ ಮಿಕ್ಸಿಯ ಸಣ್ಣ ಜಾರಿಗೆ ನಿಂಬೆರಸ, ಎಣ್ಣೆ ಬಿಟ್ಟು ಉಳಿದದ್ದನ್ನು ಹಾಕಿ ತಿರುಗಿಸಿ. ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಬಿಟ್ಟು ಬಿಟ್ಟು ತಿರುಗಿಸಿ. ಕೊನೆಗೆ ನಿಂಬೆರಸ ಹಾಕಿದರೆ ಗಟ್ಟಿಯಾಗುತ್ತದೆ. ತೆಳುವಾದರೆ ಇನ್ನಷ್ಟು ಎಣ್ಣೆ ಸೇರಿಸಿ. ಹಾಲು ಬೇಡದವರು ನೆನೆಸಿದ ಗೋಡಂಬಿಯನ್ನು ನಿಂಬೆರಸ, ಉಪ್ಪಿನೊಂದಿಗೆ ನುಣ್ಣಗೆ ರುಬ್ಬಿಕೊಳ್ಳಬಹುದು.

ದ್ವಿದಳದ ನಿಯಮ ಪಾಲಿಸುವವರು ಹಾಲಿನ ಮೆಯೊನೀಸನ್ನು ಕಡಲೆ, ಹೆಸರುಕಾಳು, ಕಡಲೆಹಿಟ್ಟಿನ ತಿನಿಸುಗಳ ಜೊತೆ ಬಳಸದೆ ಗೋಡಂಬಿಯದನ್ನು ಬಳಸಬಹುದು.

ಅಡುಗೆಯಲ್ಲಿ ಬಳಕೆ

ಹೆಚ್ಚು ಬಿಸಿಯಾದರೆ ಮೆಯೊನೀಸ್ ಒಡೆದು ಎಣ್ಣೆ ಬಿಡುತ್ತದೆ. ಪಾಸ್ತಾಗೆ ಹಾಕುವಾಗ ಒಲೆಯಿಂದ ಇಳಿಸಿ, ಉಗುರುಬೆಚ್ಚಗಾದ ಮೇಲೆ ಬೆರೆಸಿ. ಸೌತೆಕಾಯಿ, ಎಲೆಕೋಸು ನೀರು ಬಿಡುವುದರಿಂದ ಸಲಾಡ್‌ಗೆ ಬಡಿಸುವ ಹೊತ್ತಿಗೆ ಸೇರಿಸಿ. ಬೆಳಿಗ್ಗೆ ಕಟ್ಟಿ ಮಧ್ಯಾಹ್ನ ತಿನ್ನುವ ಮಕ್ಕಳ ಡಬ್ಬಿಗೆ ಮೆಯೊನೀಸ್ ಹಚ್ಚಿದ ಸ್ಯಾಂಡ್‌ವಿಚ್ ಬೇಡ.

ಎಷ್ಟು ಹೊತ್ತು ಇಡಬಹುದು?

ಕಂಪನಿಯ ಮೆಯೊನೀಸ್ ಹುಳಿ ಅಂಶ ಮತ್ತು ಸಂರಕ್ಷಕಗಳಿಂದಾಗಿ ಮುಚ್ಚಿದ ಬಾಟಲಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ತೆರೆದ ಬಳಿಕ ಫ್ರಿಜ್‌ನಲ್ಲಿಟ್ಟು, ಲೇಬಲ್‌ನಲ್ಲಿ ಹೇಳಿದ ಅವಧಿಯೊಳಗೆ ಮುಗಿಸಬೇಕು. ಒದ್ದೆ ಅಥವಾ ಎಂಜಲು ಚಮಚ ಹಾಕಬಾರದು. ಮನೆಯ ಹಾಲಿನ ಮೆಯೊನೀಸ್‌ಗೆ ಈ ರಕ್ಷಣೆಯಿಲ್ಲ; ಅದನ್ನು ಹಾಲಿನಂತೆಯೇ ಬೇಗ ಕೆಡುವ ಪದಾರ್ಥವೆಂದು ತಿಳಿಯಬೇಕು. 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಂಪಿನಲ್ಲಿಡಿ. ಫ್ರಿಜ್‌ನ ಹೊರಗೆ ಒಟ್ಟು 2 ಗಂಟೆ ಮೀರಬಾರದು. 32 ಡಿಗ್ರಿಗಿಂತ ಹೆಚ್ಚಿನ ಸೆಕೆಯಲ್ಲಿ 1 ಗಂಟೆಯೇ ಮಿತಿ. ಫ್ರೀಜರ್‌ನಲ್ಲಿಟ್ಟರೆ ಒಡೆಯುತ್ತದೆ.

ರುಚಿ, ವಾಸನೆ ಕೆಟ್ಟ ಆಹಾರವನ್ನು ಚಲಿತರಸವೆಂದು ನಮ್ಮ ಹಿರಿಯರು ಅಭಕ್ಷ್ಯದಲ್ಲಿ ಸೇರಿಸಿದ್ದಾರೆ. ಆದರೆ ರೋಗ ತರುವ ಬ್ಯಾಕ್ಟೀರಿಯಾ ಬೆಳೆದರೂ ರುಚಿ, ವಾಸನೆ ಬದಲಾಗದೆ ಇರಬಹುದು. ಮೂಸಿ ನೋಡಿ ನಿರ್ಧರಿಸುವುದಕ್ಕಿಂತ ಹೊತ್ತಿನ ಲೆಕ್ಕ ಇಡುವುದೇ ಸರಿ. ಆ ಹೊತ್ತಿಗೆ ಬೇಕಾದಷ್ಟೇ ಮಾಡಿ ಸೂರ್ಯಾಸ್ತದೊಳಗೆ ಮುಗಿಸಿದರೆ ಆಹಾರ ಮರ್ಯಾದೆಯೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ.

ಸಮಾರಂಭಗಳಲ್ಲಿ ಸಣ್ಣ ಬಟ್ಟಲುಗಳಲ್ಲಿ, ಮಂಜುಗಡ್ಡೆಯ ಮೇಲಿಟ್ಟು ಬಡಿಸಿ. ಉಳಿದದ್ದಕ್ಕೆ ಹೊಸದನ್ನು ಸುರಿಯಬೇಡಿ. ತಿಂದ ಬಳಿಕ ವಾಂತಿ, ಭೇದಿ, ಜ್ವರ ಕಾಣಿಸಿಕೊಂಡರೆ ಓಆರ್‌ಎಸ್ ಕುಡಿಸಿ. ಮಕ್ಕಳು, ವೃದ್ಧರು, ಗರ್ಭಿಣಿಯರನ್ನು ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ.