ಮರಳಿಗೆ ಹುಟ್ಟು ಹಾಕಿದ ಚಕ್ರ

(1/7)
ಈ ಥರ ರೀಲ್ ನೀವೂ ನೋಡಿರ್ತೀರ. ಕ್ವಾಡ್ ಬೈಕ್ ಒಂದು ಮರಳುಗುಡ್ಡ ಹತ್ತುತ್ತೆ, ಹಿಂದಿನಿಂದ ಮರಳು ಕಾರಂಜಿ ಥರ ಚಿಮ್ಮುತ್ತೆ. ಎಲ್ಲರ ಗಮನ ಇಂಜಿನ್ ಮೇಲೆ. ಇವತ್ತು ಹಿಂದಿನ ಟೈರ್ ನೋಡೋಣ ಬನ್ನಿ. ಅದರಲ್ಲಿ ಬಟನ್ ಇಲ್ಲ, ಗೆರೆ ಇಲ್ಲ. ನುಣ್ಣಗಿರೋ ರಬ್ಬರ್ ಮೇಲೆ ಅಡ್ಡಡ್ಡವಾಗಿ ಎಂಟೋ ಹತ್ತೋ ದಪ್ಪ ಪಟ್ಟಿಗಳು, ಅಷ್ಟೇ. ಇದೇ ಪ್ಯಾಡಲ್ ಟೈರ್. ಪ್ಯಾಡಲ್ ಅಂದ್ರೆ ದೋಣಿಯ ಹುಟ್ಟು. ಕ್ವಾಡ್‌ಗೆ ಇಂಥದ್ದನ್ನ ಹೇಗೆ ಆರಿಸ್ತಾರೆ ಅನ್ನೋದರ ಹಿಂದೆ ನೂರು ವರ್ಷದ ಕಥೆ ಇದೆ.

(2/7)
ಮೊದಲು ಕ್ಯಾಲಿಫೋರ್ನಿಯಾಗೆ ಹೋಗೋಣ. ಅದರ ಆಗ್ನೇಯ ಮೂಲೆಯಲ್ಲಿ, ಮೆಕ್ಸಿಕೋ ಗಡಿ ಹತ್ತಿರ, ಅಲ್ಗೊಡೋನೆಸ್ ಅನ್ನೋ ಮರಳುಗುಡ್ಡಗಳ ಸಾಲು ಇದೆ. ಸ್ಯಾನ್ ಡಿಯಾಗೋದವರಿಗೆ ಈ ಮರಳು ದಾಟಿ ಅರಿಝೋನಾದ ಯೂಮಾಗೆ ರಸ್ತೆ ಬೇಕಿತ್ತು. 1915ರಲ್ಲಿ ಮರಳ ಮೇಲೆ ಮರದ ಹಲಗೆ ಹಾಸಿಬಿಟ್ರು! ಮರುವರ್ಷ ಇನ್ನೂ ಗಟ್ಟಿಯಾದ ಹಲಗೆ ರಸ್ತೆ ಬಂತು. ಆದರೂ ಒಂದೇ ಕಾರಿನ ಅಗಲ. ಎದುರಿಗೆ ಇನ್ನೊಂದು ಕಾರು ಬಂದ್ರೆ ಒಬ್ಬರು ರಿವರ್ಸ್ ಹೋಗಬೇಕು. ಜೋರು ಗಾಳಿ ಬೀಸಿದ್ರೆ ರಸ್ತೆಯೇ ಮಾಯ. 1926ರಲ್ಲಿ ಡಾಂಬರು ರಸ್ತೆ ಬರೋವರೆಗೂ ಇದೇ ಪಾಡು. ಚಕ್ರಕ್ಕೆ ಮರಳು ಒಗ್ಗಲ್ಲ ಅಂತ ನೆಲವನ್ನೇ ಬದಲಿಸೋಕೆ ಹೊರಟ ಕಾಲ ಅದು. ಇವತ್ತು ಕ್ವಾಡ್‌ನವರ ಜಾತ್ರೆ ನಡೆಯೋ ಗ್ಲಾಮಿಸ್ ಇರೋದೂ ಇದೇ ಮರಳುಗುಡ್ಡಗಳಲ್ಲಿ.

(3/7)
ಅದೇ ಸುಮಾರಿಗೆ ಈಜಿಪ್ಟ್‌ನಲ್ಲಿ ಒಬ್ಬರು ಬೇರೆ ದಾರಿ ಹುಡುಕ್ತಿದ್ರು. ರಾಲ್ಫ್ ಬ್ಯಾಗ್ನಾಲ್ಡ್, ಬ್ರಿಟಿಷ್ ಸೇನೆಯ ಇಂಜಿನಿಯರ್. 1920ರ ದಶಕದ ಕೊನೆಯಿಂದ ಫೋರ್ಡ್ ಕಾರುಗಳನ್ನ ಲಿಬಿಯಾದ ಮರುಭೂಮಿಯ ಒಳಗೆ ಓಡಿಸಿದ್ರು. ಉಪಾಯ ಸರಳ: ಟೈರಿನ ಗಾಳಿ ಇಳಿಸಿ. ಮೆತ್ತಗಾದ ಟೈರ್ ಅಗಲವಾಗಿ ನೆಲಕ್ಕೆ ಕೂರುತ್ತೆ, ಭಾರ ಹಂಚಿಹೋಗುತ್ತೆ, ಗಾಡಿ ಹೂತುಕೊಳ್ಳೋದು ಕಡಿಮೆ ಆಗುತ್ತೆ. ಅಷ್ಟಕ್ಕೂ ಸಿಕ್ಕಿಹಾಕಿಕೊಂಡ್ರೆ ಚಕ್ರದ ಕೆಳಗೆ ಕಬ್ಬಿಣದ ಹಳಿಯಂಥ ತಗಡು ಇಡೋದು. ಆಮೇಲೆ ಗಾಳಿ ಮರಳನ್ನ ಹೇಗೆ ಹೊತ್ತು ತರುತ್ತೆ, ಗುಡ್ಡ ಹೇಗೆ ಕಟ್ಟುತ್ತೆ ಅಂತ ಪ್ರಯೋಗ ಮಾಡಿ 1941ರಲ್ಲಿ ಪುಸ್ತಕವನ್ನೇ ಬರೆದ್ರು. ಮರಳುಗುಡ್ಡದ ವಿಜ್ಞಾನ ಓದುವವರು ಈಗಲೂ ಅದನ್ನ ತೆರೀತಾರೆ.
ನೆನಪಿಡಿ, ಮರಳಿನ ಮೊದಲ ಪಾಠ: ತೇಲು.

(4/7)
1970ರಲ್ಲಿ ಹೋಂಡಾ ಇದೇ ಪಾಠವನ್ನ ಆಟಿಕೆಯಂಥ ಗಾಡಿಗೆ ಹಾಕಿತು. ಚಳಿಗಾಲದಲ್ಲಿ ಅಮೆರಿಕದಲ್ಲಿ ಬೈಕ್ ವ್ಯಾಪಾರ ಬೀಳ್ತಿತ್ತು. ಆಗಲೂ ಮಾರೋಕೆ ಆಗೋಂಥ ಗಾಡಿ ಬೇಕು ಅಂತ ಅಲ್ಲಿನ ಡೀಲರ್‌ಗಳು ಕೇಳಿದ್ರು. ಹುಟ್ಟಿದ್ದು ಮೂರು ಚಕ್ರದ ಯುಎಸ್90, ಆಮೇಲೆ ಎಟಿಸಿ90 ಅಂತ ಹೆಸರಾಯ್ತು. 22 ಇಂಚಿನ ಬಲೂನ್ ಟೈರ್, ಒಳಗೆ ತೀರಾ ಕಡಿಮೆ ಗಾಳಿ. ನಿಮ್ಮ ಬೈಕ್‌ಗೆ ಪೆಟ್ರೋಲ್ ಬಂಕ್‌ನಲ್ಲಿ 28-30 ಪಿಎಸ್‌ಐ ಹಾಕಿಸ್ತೀರಲ್ವಾ, ಅದರ ಹತ್ತರಲ್ಲಿ ಒಂದು ಪಾಲಿನ ಆಸುಪಾಸು ಅಂದುಕೊಳ್ಳಿ. ಮರುವರ್ಷವೇ ಜೇಮ್ಸ್ ಬಾಂಡ್ ಸಿನಿಮಾದಲ್ಲೂ ಇದು ಕಾಣಿಸಿತು.

(5/7)
ಆದರೆ ತೇಲಿದ್ರೆ ಸಾಕಾ? ಕಡಿದಾದ ಗುಡ್ಡ ಹತ್ತೋಕೆ ತಳ್ಳೋ ಬಲವೂ ಬೇಕು. ಡ್ಯೂನ್ ಬಗ್ಗಿ ಹುಚ್ಚಿನವರು ಟೈರಿನ ಬಟನ್ ಪೂರ್ತಿ ಕೆರೆದು, ಮೇಲೆ ರಬ್ಬರ್ ಪಟ್ಟಿ ಕೂರಿಸಿದ್ರು. ನಮ್ಮೂರ ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರ್‌ಗೆ ಕಬ್ಬಿಣದ ಕೇಜ್ ವೀಲ್ ಹಾಕ್ತಾರಲ್ಲ, ಹೆಚ್ಚುಕಡಿಮೆ ಅದೇ ತತ್ವ. ನೆಲ ಗಟ್ಟಿ ಇಲ್ಲದಿದ್ರೆ ಅದನ್ನೇ ಹಿಂದಕ್ಕೆ ತಳ್ಳಿ ಮುಂದೆ ಹೋಗು.
1980ರ ದಶಕದಲ್ಲಿ ಸ್ಪೋರ್ಟ್ ಕ್ವಾಡ್‌ಗಳು ಬಂದಾಗ ಈ ಟೈರ್‌ಗೆ ತಕ್ಕ ಇಂಜಿನ್ ಸಿಕ್ಕಿತು. 1985ಕ್ಕೆ ಸುಜುಕಿಯ ಕ್ವಾಡ್‌ರೇಸರ್, 1987ಕ್ಕೆ ಯಮಹಾ ಬ್ಯಾನ್‌ಶೀ. ಆರ್‌ಡಿ350 ಅಭಿಮಾನಿಗಳೇ, ಇಲ್ಲಿ ಕಿವಿ ಕೊಡಿ: ಬ್ಯಾನ್‌ಶೀಯ 347 ಸಿಸಿ ಟೂ-ಸ್ಟ್ರೋಕ್ ಟ್ವಿನ್ ಇಂಜಿನ್ ನಿಮ್ಮ ಆರ್‌ಡಿಯ ವಂಶದ್ದೇ. ಗಾಳಿಯ ಬದಲು ನೀರಿನಿಂದ ತಣ್ಣಗಾಗೋ ತಮ್ಮ ಅನ್ನಿ.

(6/7)
ಈಗ ಆಯ್ಕೆಗೆ ಬರೋಣ. ಹೊಸಬರ ತಪ್ಪು ಒಂದೇ: ಪಟ್ಟಿ ಜಾಸ್ತಿ ಇದ್ರೆ ಒಳ್ಳೇದು ಅಂದುಕೊಳ್ಳೋದು.
• ಪ್ರತಿ ಪಟ್ಟಿಯೂ ಮರಳನ್ನ ಎತ್ತಿ ಎಸೆಯಬೇಕು, ಆ ಕೆಲಸ ಇಂಜಿನ್‌ದು. ಸಣ್ಣ ಇಂಜಿನ್‌ಗೆ ಹನ್ನೆರಡು ಎತ್ತರದ ಪಟ್ಟಿ ಕೊಟ್ರೆ ಆರ್‌ಪಿಎಂ ಬಿದ್ದು ಅರ್ಧ ಗುಡ್ಡದಲ್ಲೇ ಏದುಸಿರು. ಅದಕ್ಕೆ ಎಂಟು ಪಟ್ಟಿಯ ಹಗುರ ಟೈರ್ ವಾಸಿ. ಬ್ಯಾನ್‌ಶೀಯಂಥ ಟೂ-ಸ್ಟ್ರೋಕ್‌ನ ಶಕ್ತಿ ಇರೋದೇ ಮೇಲಿನ ಆರ್‌ಪಿಎಂನಲ್ಲಿ, ಅಲ್ಲಿ ಈ ಲೆಕ್ಕ ಇನ್ನೂ ಮುಖ್ಯ.
• ಟೈರ್ ಮೇಲೆ 20×11-10 ಅಂತಿದ್ರೆ ಎತ್ತರ 20 ಇಂಚು, ಅಗಲ 11, ರಿಮ್ 10. ಎತ್ತರ ಹೆಚ್ಚಿದ್ರೆ ಒಂದು ಗೇರ್ ಮೇಲೆ ಹಾಕಿದ ಹಾಗೆ, ಎಳೆಯೋದು ಕಷ್ಟ.
• ಸೌಟಿನ ಥರ ಬಾಗಿದ ಪಟ್ಟಿ ಮರಳನ್ನ ಗಟ್ಟಿಯಾಗಿ ಹಿಡಿದು ನೇರಕ್ಕೆ ತಳ್ಳುತ್ತೆ. 'ವಿ' ಆಕಾರದ್ದು ಸ್ವಲ್ಪ ಮರಳನ್ನ ಪಕ್ಕಕ್ಕೆ ಬಿಡುತ್ತೆ.
• ಮುಂದಿನ ಚಕ್ರಕ್ಕೆ ಪ್ಯಾಡಲ್ ಬೇಡ. ನುಣ್ಣನೆ ಟೈರ್, ನಡುವೆ ಒಂದೇ ಏಣು. ಅದು ಮರಳನ್ನ ಸೀಳಿದಾಗಲೇ ಹ್ಯಾಂಡಲ್ ಮಾತು ಕೇಳೋದು.
• ನಿಂತಲ್ಲೇ ಆಕ್ಸಿಲರೇಟರ್ ತಿರುವಿದ್ರೆ ಪ್ಯಾಡಲ್ ಗುಂಡಿ ತೋಡುತ್ತೆ. ನಿಲ್ಲಿಸೋದಾದ್ರೆ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ. ಡಾಂಬರಿನ ಮೇಲಂತೂ ಓಡಿಸಲೇಬೇಡಿ, ಪಟ್ಟಿ ಬೇಗ ಸವೆದು ಹರಿದುಹೋಗುತ್ತೆ.

(7/7)
ಕೊನೆಯ ಅಧ್ಯಾಯ ಕಹಿ. ಮೂರು ಚಕ್ರದ ಗಾಡಿಗಳು ತಿರುವಲ್ಲಿ ಸುಲಭವಾಗಿ ಮಗುಚ್ತಿದ್ವು. ಸತ್ತವರಲ್ಲಿ, ಗಾಯಗೊಂಡವರಲ್ಲಿ 16 ವರ್ಷ ತುಂಬದ ಮಕ್ಕಳೂ ಬಹಳ ಮಂದಿ ಇದ್ರು. 1988ರಲ್ಲಿ ಅಮೆರಿಕ ಸರ್ಕಾರ ಮತ್ತು ಕಂಪನಿಗಳ ನಡುವೆ ಕೋರ್ಟ್ ಒಪ್ಪಂದ ಆಯ್ತು. ಹೊಸ ಮೂರು ಚಕ್ರದವುಗಳ ಮಾರಾಟ ನಿಂತಿತು. 90 ಸಿಸಿ ಮೀರಿದ ಕ್ವಾಡ್ 16ಕ್ಕಿಂತ ಚಿಕ್ಕವರಿಗಲ್ಲ ಅನ್ನೋ ಎಚ್ಚರಿಕೆ ಬಂತು. ಆ ಎಚ್ಚರಿಕೆಗೆ ಮುಂಚೆ ಹೋದ ಮಕ್ಕಳು ನಮ್ಮ ನಿಮ್ಮ ವಯಸ್ಸಿನವರು, ಇನ್ನೂ ಚಿಕ್ಕವರು.
ಇನ್ನೊಮ್ಮೆ ಬ್ಯಾಗ್ನಾಲ್ಡ್ ನೆನಪಿಸಿಕೊಳ್ಳಿ. ಗಾಳಿ ಬೀಸೋ ಕಡೆ ಗುಡ್ಡ ನಿಧಾನವಾಗಿ ಏರುತ್ತೆ, ಮರಳೂ ಸ್ವಲ್ಪ ಗಟ್ಟಿ. ತುದಿ ದಾಟಿದ್ರೆ ಆ ಕಡೆ ಸುಮಾರು 34 ಡಿಗ್ರಿ ಇಳಿಜಾರು, ಎಲ್ಲಾ ಸಡಿಲ ಮರಳು. ಒಳ್ಳೇ ಪ್ಯಾಡಲ್ ನಿಮ್ಮನ್ನ ತುದಿಗೆ ಬೇಗ ಮುಟ್ಟಿಸುತ್ತೆ, ಆಚೆ ಏನಿದೆ ಅಂತ ಹೇಳಲ್ಲ. ಅದಕ್ಕೇ ಗ್ಲಾಮಿಸ್‌ನಲ್ಲಿ ಪ್ರತಿ ಗಾಡಿಗೂ ನೆಲದಿಂದ 8 ಅಡಿ ಎತ್ತರದ ಬಾವುಟ ಕಡ್ಡಾಯ. ಗುಡ್ಡದ ಆಚೆ ಇರೋರಿಗೆ ನೀವು ಬರೋದು ಮೊದಲು ಆ ಬಾವುಟದಿಂದಲೇ ಗೊತ್ತಾಗೋದು.
ದುಬೈ ಟ್ರಿಪ್‌ನಲ್ಲಿ ಬಾಡಿಗೆ ಕ್ವಾಡ್ ಹತ್ತೋ ಮುಂಚೆ ಹೆಲ್ಮೆಟ್ ಕೇಳಿ ತಗೊಳ್ಳಿ, ಹಿಂದಿನ ಟೈರ್ ಒಮ್ಮೆ ನೋಡಿ. ಎಷ್ಟು ಪಟ್ಟಿ ಇತ್ತು ಅಂತ ಬಂದು ಕಾಮೆಂಟ್‌ನಲ್ಲಿ ಹೇಳಿ. ರೀಲ್ ಹಾಕೋ ಆ ಗೆಳೆಯನಿಗೂ ಇದನ್ನ ಕಳಿಸಿ.

#ಚಕ್ರದಚರಿತ್ರೆ #ಮರಳುಗುಡ್ಡ #ಕನ್ನಡದಲ್ಲಿಓದಿ