ರಾಣಿ ಛಾಪಿನ ರೂಪಾಯಿ, ತೊಲಿ ಬೆಳ್ಳಿ ಮತ್ತು ನಮ್ಮ ಬರಗಾಲಗಳು

ಬೆಳ್ಳಿ ದರ ಏರತೊಡಗಿದ ಮೇಲೆ ಇಟಗಿ, ಸೂಡಿ, ಗಜೇಂದ್ರಗಡ ಕಡೆಯ ಕಟ್ಟೆಗಳಲ್ಲಿ ಒಂದೇ ಮಾತು: ಗಟ್ಟಿ ತಗೊಳ್ಳೋದೋ, ನಾಣ್ಯ ತಗೊಳ್ಳೋದೋ, ಇಲ್ಲಾ ಸೊಸೆಗೆ ಕಾಲ್ಗಡಗ ಮಾಡಿಸೋದೋ? ನಮ್ಮ ಹಿರೀಕರಿಗೂ ಇದೇ ಪ್ರಶ್ನೆ ಇತ್ತು. ಬೆಳ್ಳಿಯನ್ನು ಯಾವ ರೂಪದಲ್ಲಿ ಇಟ್ಟುಕೊಂಡಿದ್ದರು ಎಂಬುದರ ಮೇಲೆ ಬರಗಾಲದಲ್ಲಿ ಒಂದು ಮನೆಗೆ ಎಷ್ಟು ಜೋಳ ಬರುತ್ತದೆ ಎಂಬುದು ನಿಂತಿತ್ತು. ಆ ಕತೆ ಗೊತ್ತಿದ್ದರೆ ಇಂದಿನ ಲೆಕ್ಕ ಸ್ವಲ್ಪ ಸಲೀಸಾಗುತ್ತದೆ.

ಮೊದಲಿಗೆ ಒಂದು ವಿಷಯ. ನಮ್ಮದು ಬಹಳ ಕಾಲ ಬೆಳ್ಳಿ ನಾಣ್ಯದ ಸೀಮೆಯಲ್ಲ, ಬಂಗಾರದ ನಾಣ್ಯದ ಸೀಮೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಲಕ್ಕುಂಡಿಯಲ್ಲಿ ಟಂಕಸಾಲೆ ಇತ್ತು, ಇಟಗಿಯ ಮಗ್ಗುಲಿನ ಸೂಡಿಯಲ್ಲೂ ಇತ್ತು. ಜೋಡುಗೋಪುರ ನೋಡಲು ಬರುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಶಾಸನಗಳಲ್ಲಿ ಕಾಣುವ ಗದ್ಯಾಣ ಚಿನ್ನದ ನಾಣ್ಯ. ವಿಜಯನಗರದವರ ಹೊನ್ನೂ ಚಿನ್ನವೇ. ಬೆಳ್ಳಿ ರೂಪಾಯಿಯ ಲೆಕ್ಕ ಗಟ್ಟಿಯಾಗಿ ಬೇರೂರಿದ್ದು ಮೊಗಲರು, ಮರಾಠರು ಬಂದ ಮೇಲೆ. 1787ರ ಗಜೇಂದ್ರಗಡ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ ಮರಾಠರಿಗೆ 48 ಲಕ್ಷ ಕೊಡಲು ಒಪ್ಪಿದ್ದು ರೂಪಾಯಿ ಲೆಕ್ಕದಲ್ಲಿ.

ಆಗ ಊರಿಗೊಂದು ರೂಪಾಯಿ, ಒಂದೊಂದಕ್ಕೂ ಬೇರೆ ಬೇರೆ ವಟ್ಟ. ಇದಕ್ಕೆ ತೆರೆ ಬಿದ್ದದ್ದು 1835ರಲ್ಲಿ. ಈಸ್ಟ್ ಇಂಡಿಯಾ ಕಂಪನಿ ತನ್ನ ಸೀಮೆಗೆಲ್ಲ ಒಂದೇ ರೂಪಾಯಿ ತಂದಿತು. ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ನಮ್ಮ 'ಒಂದು ತೊಲಿ' ಅಂದರೆ ಈ ರೂಪಾಯಿಯ ತೂಕವೇ. 80 ರೂಪಾಯಿ ತಕ್ಕಡಿಗೆ ಹಾಕಿದರೆ ಒಂದು ಸೇರು ತೂಕ. ರೂಪಾಯಿ ದುಡ್ಡೂ ಆಯಿತು, ತೂಕದ ಕಲ್ಲೂ ಆಯಿತು. ಪತ್ತಾರರ ಮನೆಗೆ ಇಂತಿಷ್ಟು ರೂಪಾಯಿ ಕೊಟ್ಟು ಅಷ್ಟೇ ತೊಲಿಯ ಉಡದಾರ, ಕಡಗ, ಲಿಂಗದ ಕರಡಿಗೆ ಮಾಡಿಸುವುದು ಸುಲಭವಾಗಿತ್ತು. ಕೂಲಿಯೊಂದು ಬೇರೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿತು. ಅಲ್ಲಿಯ ಹತ್ತಿ ನಿಂತಿತು, ಲ್ಯಾಂಕಾಶೈರ್ ಗಿರಣಿಗಳು ಧಾರವಾಡ ಜಿಲ್ಲೆಯ ಹತ್ತಿಗೆ ಕೈಚಾಚಿದವು. ರೋಣ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ಎರೆಹೊಲದ ರೈತರ ಕೈಗೆ ಬೆಳ್ಳಿ ರೂಪಾಯಿ ಬಂದವು. ಬ್ಯಾಂಕ್ ಇರಲಿಲ್ಲ, ಬಂದದ್ದು ಮೈಮೇಲೆ ಆಭರಣವಾಯಿತು ಇಲ್ಲವೆ ಗಡಿಗೆಯಲ್ಲಿ ನೆಲ ಸೇರಿತು. 1865ರಲ್ಲಿ ಯುದ್ಧ ಮುಗಿದದ್ದೇ ಹತ್ತಿ ದರ ಕುಸಿಯಿತು.

ಹತ್ತು ವರ್ಷ ಕಳೆದು 1876–78ರ ಧಾತು–ಈಶ್ವರ ಬರ ಬಂತು. ಕೂಡಿಟ್ಟದ್ದೆಲ್ಲ ಹೊರಬಂತು. ಆ ವರ್ಷಗಳಲ್ಲಿ ಮುಂಬೈ ಟಂಕಸಾಲೆಗೆ ಕರಗಿಸಲು ಹಳ್ಳಿಗರ ಬೆಳ್ಳಿ ಆಭರಣ ರಾಶಿಯಾಗಿ ಬಂದವು. ಕಡಗ, ಕಾಲ್ಗಡಗ, ಮಕ್ಕಳ ಉಡದಾರ ಎಲ್ಲ. ಆದರೂ ಒಂದು ಆಸರೆ ಇತ್ತು. ಯಾರು ಬೇಕಾದರೂ ಬೆಳ್ಳಿ ಒಯ್ದು, ಸಣ್ಣ ಸುಂಕ ಕೊಟ್ಟು ರೂಪಾಯಿ ಟಂಕಿಸಿಕೊಳ್ಳಬಹುದಿತ್ತು. ಹಾಗಾಗಿ 100 ತೊಲಿ ಶುದ್ಧ ಬೆಳ್ಳಿಗೆ ನೂರು ರೂಪಾಯಿಗಿಂತ ತುಸು ಹೆಚ್ಚೇ ಬೆಲೆ. ದಲಾಲ, ಸರಾಫ ನಡುವೆ ತಿಂದದ್ದು ಇದ್ದೇ ಇತ್ತು. ಆದರೆ ಆಭರಣಕ್ಕೂ ನಾಣ್ಯಕ್ಕೂ ನಡುವೆ ಗೋಡೆ ಇರಲಿಲ್ಲ.

ಆ ಗೋಡೆ ಎದ್ದದ್ದು 1893ರ ಜೂನ್ 26ರಂದು. ನನ್ನ ಮಟ್ಟಿಗೆ ಈ ಇಡೀ ಕತೆಯ ಗಂಟು ಇದೇ ದಿನ.

ಜರ್ಮನಿಯಂಥ ದೇಶಗಳು ಬೆಳ್ಳಿ ಬಿಟ್ಟು ಚಿನ್ನದ ನಾಣ್ಯಕ್ಕೆ ಹೋಗಿದ್ದವು, ಅಮೆರಿಕದ ಗಣಿಗಳಿಂದ ಬೆಳ್ಳಿ ಹೊಳೆಯಾಗಿ ಬರುತ್ತಿತ್ತು. ಬೆಳ್ಳಿ ಅಗ್ಗವಾಯಿತು, ಅದರ ಜತೆ ರೂಪಾಯಿಯೂ. ಸರ್ಕಾರವೋ ಲಂಡನ್ನಿಗೆ ಪಿಂಚಣಿ, ಬಡ್ಡಿ ಎಲ್ಲ ಚಿನ್ನದ ಲೆಕ್ಕದಲ್ಲಿ ಕಟ್ಟಬೇಕು. ರೂಪಾಯಿಯನ್ನು ಎತ್ತಿ ನಿಲ್ಲಿಸಲು ಜನರ ಬೆಳ್ಳಿಗೆ ಟಂಕಸಾಲೆಯ ಬಾಗಿಲು ಮುಚ್ಚಿದರು. ಅಲ್ಲಿಂದ ಮುಂದೆ ರೂಪಾಯಿ ತನ್ನೊಳಗಿನ ಬೆಳ್ಳಿಗಿಂತ ಹೆಚ್ಚು ಬೆಲೆಯ ನಾಣ್ಯವಾಯಿತು. ಆಭರಣದ ಬೆಳ್ಳಿ ಬರೀ ಪೇಟೆಯ ಸರಕಾಯಿತು.

ಇದರ ಪೆಟ್ಟು ಬಿದ್ದದ್ದು 1896–97 ಮತ್ತು 1899–1900ರ ಬರಗಳಲ್ಲಿ. ಆಗಿನ ಲಂಡನ್ ಧಾರಣೆ ಹಿಡಿದು ಲೆಕ್ಕ ಹಾಕಿದರೆ 100 ತೊಲಿ ಶುದ್ಧ ಬೆಳ್ಳಿಗೆ ಸುಮಾರು 70 ರೂಪಾಯಿ. ಕಂದಾಯ ಕಟ್ಟಬೇಕಾದದ್ದು ಮಾತ್ರ ಅದೇ ರೂಪಾಯಿಯಲ್ಲಿ. ಗಡಿಗೆಯಲ್ಲಿ ಬಂದಾ ರೂಪಾಯಿ ಇಟ್ಟವನಿಗೆ ನೂರಕ್ಕೆ ನೂರೂ ಉಳಿಯಿತು, ಹೆಂಡತಿಯ ಕಾಲಲ್ಲಿ ಕಡಗ ಇಟ್ಟವನಿಗೆ ಮೂರನೇ ಒಂದು ಪಾಲು ಹೋಯಿತು. ದಾದಾಭಾಯಿ ನವರೋಜಿಯಂಥವರು ಈ ನಾಣ್ಯ ನೀತಿಯನ್ನು ಖಂಡಿಸಿದರು. ಹಳ್ಳಿಯಲ್ಲಿ ಬೈಸಿಕೊಂಡವನು ಬಹುಶಃ ತೂಕ ಮಾಡಿದ ಸರಾಫನೇ ಇರಬೇಕು.

ಮುಂದೆ ಚಕ್ರ ತಿರುಗಿತು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ಎಷ್ಟು ಏರಿತೆಂದರೆ ರೂಪಾಯಿ ಕರಗಿಸಿದರೆ ಲಾಭ ಬರುವ ಸ್ಥಿತಿ. 1917ರಲ್ಲಿ ಸರ್ಕಾರ ಕರಗಿಸುವುದನ್ನು ನಿಷೇಧಿಸಿತು, ಒಂದು ರೂಪಾಯಿಯ ನೋಟು ತಂದಿತು. 1918ರಲ್ಲಿ ಅಮೆರಿಕ ತನ್ನ ಬೆಳ್ಳಿ ಡಾಲರ್ ಕರಗಿಸಿ 20 ಕೋಟಿ ಔನ್ಸ್ ಭಾರತಕ್ಕೆ ಮಾರಿತು. ಎರಡನೇ ಯುದ್ಧದಲ್ಲಿ, 1940ರಲ್ಲಿ, ಫ್ರಾನ್ಸ್ ಬಿದ್ದ ಸುದ್ದಿ ಕೇಳಿ ಜನ ನೋಟು ಕೊಟ್ಟು ಬೆಳ್ಳಿ ಕೇಳತೊಡಗಿದರು. ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. 1941ರಿಂದ 1943ರೊಳಗೆ ವಿಕ್ಟೋರಿಯಾ, ಎಡ್ವರ್ಡ್, ಜಾರ್ಜ್ ಛಾಪಿನ ಹಳೆಯ ರೂಪಾಯಿಗಳ ಚಲಾವಣೆ ಒಂದೊಂದಾಗಿ ರದ್ದಾಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಸರ್ಕಾರ 'ಇನ್ನು ಇದು ದುಡ್ಡಲ್ಲ' ಎಂದ ನಾಣ್ಯವನ್ನೇ ಟ್ರಂಕಿನ ತಳಕ್ಕೆ ಹಾಕಿದ ಮುದುಕಿಯರು ಗೆದ್ದರು.

ನಿಮ್ಮ ಮನೆಯಲ್ಲೂ ಅಂಥದ್ದು ಇದ್ದರೆ ಮೊದಲು ಇಸವಿ ನೋಡಿ. 1939ರ ತನಕದ್ದರಲ್ಲಿ 10.69 ಗ್ರಾಂ ಶುದ್ಧ ಬೆಳ್ಳಿ, 1940–45ರದ್ದರಲ್ಲಿ 5.83 ಗ್ರಾಂ. ಎರಡನ್ನೂ ಒಂದೇ ದರಕ್ಕೆ ಕೇಳುವವರಿಗೆ ಕೊಡಬೇಡಿ. 1862 ಎಂದು ಬರೆದದ್ದೆಲ್ಲ ಆ ವರ್ಷದ್ದಲ್ಲ, ಮುಂದೆ ಹಲವು ವರ್ಷ ಅದೇ ಇಸವಿ ಹಾಕಿ ಟಂಕಿಸಿದರು. 1911ರ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡು ಗದ್ದಲವಾಗಿ, ಮರುವರ್ಷ ಅಚ್ಚು ತಿದ್ದಿದರು. ಜಾತ್ರೆಯಲ್ಲಿ ಸಿಗುವ ನಕಲಿ 'ರಾಣಿ ರೂಪಾಯಿ' ಸಾಕಷ್ಟಿವೆ. ತಕ್ಕಡಿ, ಅಯಸ್ಕಾಂತ, ಕಲ್ಲಿನ ಮೇಲೆ ಬಡಿದಾಗಿನ ನಾದ, ಮೂರನ್ನೂ ನೋಡಿ. ಹೊಲದಲ್ಲಿ ಸಿಕ್ಕ ಗಡಿಗೆ ನಿಮ್ಮದಲ್ಲ, ಅದಕ್ಕೆ ನಿಧಿ ಕಾಯ್ದೆ ಇದೆ.

ಹೊಸದಾಗಿ ಕೊಳ್ಳುವವರಿಗೆ 1893ರ ಗೋಡೆ ಬೇರೆ ವೇಷದಲ್ಲಿ ಈಗಲೂ ಇದೆ. ಗಟ್ಟಿಗೆ ಕೂಲಿ ಕಡಿಮೆ, ಸಣ್ಣ ನಾಣ್ಯಕ್ಕೆ ಗ್ರಾಂ ಲೆಕ್ಕದಲ್ಲಿ ಹೆಚ್ಚು, ಕಾಲ್ಗಡಗಕ್ಕೆ ಇನ್ನೂ ಹೆಚ್ಚು. ಮೇಲೆ ಶೇ. 3 ಜಿಎಸ್‌ಟಿ. ಮಾರುವಾಗ ಕೂಲಿಯೂ ತೆರಿಗೆಯೂ ತಿರುಗಿ ಬರುವುದಿಲ್ಲ, ಆಭರಣವಾದರೆ ಟಂಚ್ ನೋಡಿ ಇನ್ನಷ್ಟು ಮುರಿಯುತ್ತಾರೆ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿ ಹಾಲ್‌ಮಾರ್ಕಿಗೂ ಎಚ್‌ಯುಐಡಿ ಸಂಖ್ಯೆ ಬಂದಿದೆ. ಶುರುವಾದಾಗ ಕಡ್ಡಾಯವಿರಲಿಲ್ಲ, ಹಾಗಾಗಿ ನೀವೇ ಕೇಳಿ ಪಡೆಯಬೇಕು, ಪಾವತಿಯನ್ನೂ.

ಇಷ್ಟಕ್ಕೇ ಗಟ್ಟಿಯೇ ವಾಸಿ ಅನ್ನಬೇಡಿ. ಬಿತ್ತನೆ ಹೊತ್ತಿಗೆ ಸಾಲ ಬೇಕಾಗುತ್ತದಲ್ಲ? ರಿಸರ್ವ್ ಬ್ಯಾಂಕ್ 2025ರಲ್ಲಿ ಹೊರಡಿಸಿ 2026ರ ಏಪ್ರಿಲ್ 1ರೊಳಗೆ ಜಾರಿಯಾಗಬೇಕೆಂದ ನಿಯಮದಲ್ಲಿ ಬೆಳ್ಳಿ ಅಡವಿಗೂ ಅವಕಾಶವಿದೆ. ಒಬ್ಬರಿಗೆ ಆಭರಣವಾದರೆ 10 ಕಿಲೋ ತನಕ, ನಾಣ್ಯವಾದರೆ 500 ಗ್ರಾಂ ತನಕ. ಎರಡೂವರೆ ಲಕ್ಷದೊಳಗಿನ ಸಾಲಕ್ಕೆ ಬೆಳ್ಳಿಯ ಬೆಲೆಯ ಶೇ. 85ರವರೆಗೆ ಸಿಗಬಹುದು. ಗಟ್ಟಿಯ ಮೇಲೆ ಸಾಲವಿಲ್ಲ. 1897ರಲ್ಲಿ ಸೋತ ಕಾಲ್ಗಡಗವನ್ನು ಬ್ಯಾಂಕಿನವರು ಈಗ ತೂಗಿ ಇಟ್ಟುಕೊಳ್ಳುತ್ತಾರೆ, ಗಟ್ಟಿಯನ್ನು ವಾಪಸ್ ಕಳಿಸುತ್ತಾರೆ.