ಕಂಪ್ಯೂಟರಿಗೆ ನಿಸ್ತಂತು ಸಾಧನಗಳ ಜೋಡಣೆ

ಕೀಲಿಮಣೆ, ಮೌಸ್, ಹೆಡ್‌ಫೋನ್, ಪ್ರಿಂಟರ್, ಮೊಬೈಲ್ ಮೊದಲಾದವನ್ನು ತಂತಿಯಿಲ್ಲದೆ ವೈಯಕ್ತಿಕ ಕಂಪ್ಯೂಟರಿಗೆ ಸೇರಿಸುವ, ಕಂಪ್ಯೂಟರನ್ನು ವೈಫೈ ಜಾಲಕ್ಕೆ ಸೇರಿಸುವ ಕ್ರಮ. ಇದಕ್ಕೆ ಮೂರು ಬಾಬತ್ತುಗಳು ಕೂಡಿಬರಬೇಕು: ರೇಡಿಯೊ ತರಂಗವನ್ನು ಬಳಸಲು ಕಾನೂನಿನ ಅನುಮತಿ, ಸಾಧನವನ್ನು ನಡೆಸುವ ಡ್ರೈವರ್ ತಂತ್ರಾಂಶ, ಎರಡು ಯಂತ್ರಗಳು ಪರಸ್ಪರ ಗುರುತು ಹಿಡಿಯುವ ವಿಧಾನ. ಈ ಮೂರು ಹೊರೆಗಳು ಬಳಕೆದಾರರ ತಲೆಯಿಂದ ಒಂದೊಂದಾಗಿ ಇಳಿದುದೇ ಈ ತಂತ್ರಜ್ಞಾನದ ಚರಿತ್ರೆ.

ಆರಂಭ

ಮೊದಲು ಬಳಕೆಗೆ ಬಂದದ್ದು ಬೆಳಕು. ಲಾಜಿಟೆಕ್ ಕಂಪನಿ 1984ರಲ್ಲಿ ಅವಕೆಂಪು ಕಿರಣದಿಂದ ಕೆಲಸ ಮಾಡುವ ಮೌಸನ್ನು ತಯಾರಿಸಿತು. ಕಿರಣಕ್ಕೆ ಅಡ್ಡವಾಗಿ ಕೈಯೋ ಪುಸ್ತಕವೋ ಬಂದರೆ ಅದು ನಿಂತುಬಿಡುತ್ತಿತ್ತು. ಅದೇ ಕಂಪನಿ 1991ರಲ್ಲಿ ರೇಡಿಯೊ ಮೌಸನ್ನು ಮಾರುಕಟ್ಟೆಗೆ ತಂದಿತು. ಬೇರೆ ಬೇರೆ ಕಂಪನಿಗಳ ಅವಕೆಂಪು ಸಾಧನಗಳು ಒಂದಕ್ಕೊಂದು ಹೊಂದಿಕೊಳ್ಳಲೆಂದು 1993ರಲ್ಲಿ ಐಆರ್‌ಡಿಎ ಎಂಬ ಸಂಘ ಹುಟ್ಟಿತು. ತೊಂಬತ್ತರ ದಶಕದ ಲ್ಯಾಪ್‌ಟಾಪುಗಳ ಅಂಚಿನಲ್ಲಿ ಕಾಣುತ್ತಿದ್ದ ಕಡುಗೆಂಪು ಕಿಂಡಿ ಇದರದ್ದೇ. ಮೊಬೈಲನ್ನು ಅದರ ಎದುರು ಒಂದು ಮೀಟರಿನೊಳಗೆ ಇಟ್ಟು, ಕೆಲಸ ಮುಗಿಯುವವರೆಗೆ ಅಲುಗಾಡಿಸದಂತೆ ಕಾಯಬೇಕಾಗಿತ್ತು. ಬೆಂಗಳೂರಿನಲ್ಲಿ ರೂಪುಗೊಂಡು 2001ರಲ್ಲಿ ಪ್ರದರ್ಶನ ಕಂಡ, 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಕೆಯಲ್ಲಿ ಮಾರಾಟಕ್ಕೆ ಬಂದ ಕೈಗಣಕ ಸಿಂಪ್ಯೂಟರಿನಲ್ಲೂ ಇಂಥ ಅವಕೆಂಪು ಸಂಪರ್ಕವಿತ್ತು.

ರೇಡಿಯೊ ದಾರಿ ತೆರೆದದ್ದು ಅಮೆರಿಕದ ಸಂಪರ್ಕ ಆಯೋಗದ 1985ರ ತೀರ್ಮಾನ. ಕಾರ್ಖಾನೆ, ಆಸ್ಪತ್ರೆ, ಪ್ರಯೋಗಾಲಯಗಳ ಉಪಕರಣಗಳಿಗೆಂದು ಮೀಸಲಿದ್ದ ತರಂಗಪಟ್ಟೆಗಳನ್ನು ಪರವಾನಗಿಯಿಲ್ಲದ ಸಂಪರ್ಕಕ್ಕೂ ಅದು ಬಿಟ್ಟುಕೊಟ್ಟಿತು. ವೈಫೈಗೆ ಆಧಾರವಾದ 802.11 ಮಾನಕ 1997ರಲ್ಲಿ ಬಂತು. ಆಗಿನ ವೇಗ ಸೆಕೆಂಡಿಗೆ 2 ಮೆಗಾಬಿಟ್. 1999ರ 802.11ಬಿ ಅದನ್ನು 11 ಮೆಗಾಬಿಟ್‌ಗೆ ಏರಿಸಿತು. ಅದೇ ವರ್ಷ ಆಪಲ್ ಕಂಪನಿಯ ಐಬುಕ್ ಲ್ಯಾಪ್‌ಟಾಪಿಗೆ ವೈಫೈ ಕಾರ್ಡ್ ಹಾಕಿಸಿಕೊಳ್ಳುವ ಸೌಲಭ್ಯ ದೊರೆಯಿತು. 2003ರ ಮಾರ್ಚಿನಲ್ಲಿ ಇಂಟೆಲ್ ಹೊರತಂದ ಸೆಂಟ್ರಿನೊ ಲ್ಯಾಪ್‌ಟಾಪುಗಳು ವೈಫೈಯನ್ನು ಯಂತ್ರದೊಳಗಿನ ಸಾಮಾನ್ಯ ಭಾಗವಾಗಿಸಿದವು.

ಬ್ಲೂಟೂತ್

ಸ್ವೀಡನ್ನಿನ ಎರಿಕ್ಸನ್ ಕಂಪನಿಯ ಲುಂಡ್ ಶಾಖೆಯಲ್ಲಿ ಡಚ್ ಎಂಜಿನಿಯರ್ ಯಾಪ್ ಹಾರ್ಟ್‌ಸನ್ 1994ರಲ್ಲಿ ಹತ್ತಿರದ ಸಾಧನಗಳನ್ನು ರೇಡಿಯೊದಿಂದ ಜೋಡಿಸುವ ಬ್ಲೂಟೂತ್ ತಂತ್ರಜ್ಞಾನದ ಕೆಲಸ ಆರಂಭಿಸಿದರು. 1998ರ ಮೇ ತಿಂಗಳಲ್ಲಿ ಎರಿಕ್ಸನ್, ಇಂಟೆಲ್, ನೋಕಿಯ, ಐಬಿಎಂ, ತೋಷಿಬಾ ಸೇರಿ ಒಂದು ಕೂಟ ಕಟ್ಟಿಕೊಂಡವು. ಮೊದಲ ಆವೃತ್ತಿ 1999ರಲ್ಲಿ ಹೊರಬಂತು. 2.4 ಗಿಗಾಹರ್ಟ್ಸ್ ಪಟ್ಟೆಯನ್ನು 79 ಹಾದಿಗಳಾಗಿ ಸೀಳಿ, ಸೆಕೆಂಡಿಗೆ 1600 ಸಲ ಹಾದಿ ಬದಲಿಸುತ್ತ ಸಂದೇಶ ಕಳಿಸುವುದು ಇದರ ಮೂಲ ತಂತ್ರ. ಅಕ್ಕಪಕ್ಕದಲ್ಲಿ ಹತ್ತಾರು ಸಾಧನಗಳಿದ್ದರೂ ಒಂದರ ಮಾತು ಇನ್ನೊಂದಕ್ಕೆ ಅಷ್ಟಾಗಿ ತೊಡಕಾಗದಿರಲು ಇದೇ ಕಾರಣ.

ಬೆಂಗಳೂರಿನ ಕಂಪನಿಗಳು ಈ ತಂತ್ರಜ್ಞಾನದ ಒಳಗಿನ ತಂತ್ರಾಂಶದಲ್ಲಿ ಬೇಗನೆ ಕೈಯಾಡಿಸಿದವು. ಮೈಂಡ್‌ಟ್ರೀ ಬ್ಲೂಟೂತ್ ತಂತ್ರಾಂಶವನ್ನು ಬರೆದು ಚಿಪ್ ಹಾಗೂ ಸಾಧನ ತಯಾರಕರಿಗೆ ಒದಗಿಸಿತು. ಬ್ಲೂಟೂತ್ ಧ್ವನಿಸಾಧನಗಳ ತಂತ್ರಾಂಶದಲ್ಲಿ ಹೆಸರು ಮಾಡಿದ್ದ ಇಂಪಲ್ಸ್‌ಸಾಫ್ಟನ್ನು 2006ರಲ್ಲಿ ಅಮೆರಿಕದ ಸಿರ್ಫ್ ಟೆಕ್ನಾಲಜಿ ಕೊಂಡುಕೊಂಡಿತು. ಬ್ಲೂಟೂತ್ ಮತ್ತು ವೈಫೈ ವಿನ್ಯಾಸಗಳ ಒಡೆತನವಿದ್ದ ಆಸ್ಟ್ರಿಯದ ನ್ಯೂಲಾಜಿಕ್ ಕಂಪನಿಯನ್ನು ವಿಪ್ರೋ 2005ರ ಕೊನೆಯಲ್ಲಿ ತನ್ನದಾಗಿಸಿಕೊಂಡಿತು.

ಭಾರತದಲ್ಲಿ ಅನುಮತಿ

1933ರ ಭಾರತೀಯ ನಿಸ್ತಂತು ತಂತಿಸಂದೇಶ ಕಾಯ್ದೆಯ ಪ್ರಕಾರ ರೇಡಿಯೊ ಉಪಕರಣ ಇಟ್ಟುಕೊಳ್ಳುವುದಕ್ಕೇ ಪರವಾನಗಿ ಬೇಕಿತ್ತು. 2005ರ ಜನವರಿ 28ರ ಅಧಿಸೂಚನೆಯಲ್ಲಿ ಕೇಂದ್ರ ಸರ್ಕಾರ 2400ರಿಂದ 2483.5 ಮೆಗಾಹರ್ಟ್ಸ್ ಪಟ್ಟೆಯ ಕಡಿಮೆ ಶಕ್ತಿಯ ಸಾಧನಗಳನ್ನು ಕಟ್ಟಡದ ಹೊರಗೂ ಪರವಾನಗಿಯಿಲ್ಲದೆ ಬಳಸಲು ಬಿಟ್ಟಿತು. ಪ್ರಸಾರದ ಮಿತಿ 4 ವಾಟ್. ಇಂದು ಊರಿನ ಮೊಬೈಲ್ ಅಂಗಡಿಯಲ್ಲಿ ಬ್ಲೂಟೂತ್ ಮೌಸನ್ನೋ ಯುಎಸ್‌ಬಿ ಕಿಂಡಿಗೆ ಚುಚ್ಚುವ ವೈಫೈ ಡಾಂಗಲನ್ನೋ ಯಾವ ಕಾಗದಪತ್ರವೂ ಇಲ್ಲದೆ ಕೊಳ್ಳಲು ಸಾಧ್ಯವಾಗಿರುವುದು ಇಂಥ ವಿನಾಯಿತಿಗಳಿಂದ. 2018ರಲ್ಲಿ 5 ಗಿಗಾಹರ್ಟ್ಸ್ ಆಸುಪಾಸಿನ ಒಟ್ಟು 605 ಮೆಗಾಹರ್ಟ್ಸ್ ಅಗಲದ ಪಟ್ಟೆಗಳಿಗೂ ಈ ಸ್ವಾತಂತ್ರ್ಯ ದಕ್ಕಿತು.

ಬಿಗಿ ಮಾಡಿದ ಕ್ರಮಗಳೂ ಇವೆ. ಭಾರತದ ನಗರಗಳಲ್ಲಿ ನಡೆದ 2008ರ ಬಾಂಬ್ ಸ್ಫೋಟಗಳ ಹೊತ್ತಿನ ಬೆದರಿಕೆಯ ಇಮೇಲುಗಳು ಪಾಸ್‌ವರ್ಡ್ ಇಲ್ಲದ ವೈಫೈ ಮೂಲಕ ಹೋಗಿದ್ದು ಬಯಲಾದ ಮೇಲೆ, ದೂರಸಂಪರ್ಕ ಇಲಾಖೆ 2009ರಲ್ಲಿ ವೈಫೈ ಬಳಸುವವರ ಗುರುತು ದೃಢಪಡಿಸಿಕೊಳ್ಳಬೇಕೆಂದು ಸೂಚನೆ ಹೊರಡಿಸಿತು. ಸಾರ್ವಜನಿಕ ವೈಫೈಗೆ ಸೇರುವ ಮುನ್ನ ಮೊಬೈಲಿಗೆ ಬರುವ ಒಟಿಪಿಯ ಹಿಂದೆ ಈ ನಿಯಮವಿದೆ.

ಡ್ರೈವರಿನಿಂದ ಬಿಡುಗಡೆ

ಬ್ಲೂಟೂತಿಗೆ ವಿಂಡೋಸ್‌ನ ಸ್ವಂತ ಬೆಂಬಲ ಸಾಮಾನ್ಯ ಬಳಕೆದಾರರಿಗೆ ಸಿಕ್ಕಿದ್ದು 2004ರ ಆಗಸ್ಟಿನಲ್ಲಿ, ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕಿನೊಡನೆ. ಅದಕ್ಕೂ ಮೊದಲು ಡಾಂಗಲಿನ ಜೊತೆ ಬಂದ ಸಿಡಿಯನ್ನು ಹಾಕಿ ಡ್ರೈವರ್ ಸ್ಥಾಪಿಸಬೇಕು, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಬೇಕು, ಆಮೇಲೆ ಆ ಕಂಪನಿಯದೇ ಆದ ಕಿಟಕಿಯಲ್ಲಿ ಸಾಧನವನ್ನು ಹುಡುಕಬೇಕಿತ್ತು. ಸಿಡಿ ಕಳೆದುಹೋದರೆ ಡಾಂಗಲೂ ಮೂಲೆಗೆ. ಬ್ಲೂಟೂತಿನ ಈ ರಗಳೆಯೇ ಬೇಡವೆಂದವರಿಗೆ ಇನ್ನೊಂದು ಬಗೆಯ ಮೌಸ್ ಬಂತು. ಅದರ ಪುಟ್ಟ ಯುಎಸ್‌ಬಿ ರಿಸೀವರ್ ಮತ್ತು ಮೌಸ್ ಕಾರ್ಖಾನೆಯಲ್ಲೇ ಜೋಡಿಯಾಗಿರುತ್ತವೆ. ಚುಚ್ಚಿದರೆ ಸಾಕು, ಕಂಪ್ಯೂಟರ್ ಅದನ್ನು ತಂತಿಯ ಮೌಸೆಂದೇ ತಿಳಿಯುತ್ತದೆ.

ನಿಸ್ತಂತು ಕೀಲಿಮಣೆಯನ್ನೂ ಕಂಪ್ಯೂಟರ್ ಹೀಗೆ ತಂತಿಯದರಂತೆ ಕಾಣುವುದರಿಂದ ಕನ್ನಡ ಟೈಪಿಸುವವರಿಗೆ ಒಂದು ಅನುಕೂಲವಾಗಿದೆ. ಕೀಲಿಮಣೆ ಕಳಿಸುವುದು ಯಾವ ಕೀಲಿಯನ್ನು ಒತ್ತಲಾಯಿತೆಂಬ ಸಂಕೇತವನ್ನು ಮಾತ್ರ. ಅದನ್ನು ಅಕ್ಷರವಾಗಿಸುವ ಕೆಲಸ ಕಂಪ್ಯೂಟರಿನದು. ಆದ್ದರಿಂದ ಕೆ. ಪಿ. ರಾವ್ ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಕಚೇರಿಗಳಲ್ಲಿ ನೆಲೆಯೂರಿದ ಕೀಲಿವಿನ್ಯಾಸ ಯಾವ ನಿಸ್ತಂತು ಕೀಲಿಮಣೆಯಲ್ಲೂ ಕೆಲಸ ಮಾಡುತ್ತದೆ.

ಗುರುತು ಮತ್ತು ಭದ್ರತೆ

ಆರಂಭದ ಬ್ಲೂಟೂತ್ ಜೋಡಣೆಗೆ ಎರಡೂ ಕಡೆ ಒಂದೇ ಸಂಖ್ಯೆಯನ್ನು ನಮೂದಿಸಬೇಕಿತ್ತು. ಹೆಡ್‌ಸೆಟ್‌ಗಳಲ್ಲಿ ಅದು ಬಹುತೇಕ 0000 ಅಥವಾ 1234 ಆಗಿರುತ್ತಿದ್ದುದರಿಂದ ಗುಟ್ಟು ಹೆಸರಿಗಷ್ಟೇ ಉಳಿದಿತ್ತು. 2007ರ 2.1 ಆವೃತ್ತಿ ಈ ಪದ್ಧತಿಯನ್ನು ಬದಲಿಸಿತು. ಈಗ ಲ್ಯಾಪ್‌ಟಾಪ್ ಮತ್ತು ಮೊಬೈಲ್ ಎರಡರ ಪರದೆಯಲ್ಲೂ ಆರು ಅಂಕಿಗಳು ಮೂಡುತ್ತವೆ. ಎರಡೂ ಒಂದೇ ಎಂದು ನೋಡಿ ಒಪ್ಪಿಗೆ ಕೊಟ್ಟರಾಯಿತು. ಪರದೆಯಿಲ್ಲದ ಕೀಲಿಮಣೆಯಾದರೆ ಕಂಪ್ಯೂಟರ್ ತೋರಿಸಿದ ಅಂಕಿಗಳನ್ನು ಅದರ ಮೇಲೇ ಒತ್ತಿ ಎಂಟರ್ ಕೊಡಬೇಕು. 2010ರ 4.0 ಆವೃತ್ತಿ ಗುಂಡಿಯಾಕಾರದ ಸಣ್ಣ ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ನಡೆಯುವ ಸಾಧನಗಳಿಗೆ ಎಡೆಮಾಡಿತು. 2018ರಿಂದ ವಿಂಡೋಸ್ 10 ಹತ್ತಿರವಿರುವ ಹೊಸ ಸಾಧನವನ್ನು ತಾನೇ ಗುರುತಿಸಿ ಜೋಡಿಸಲೇ ಎಂದು ಕೇಳತೊಡಗಿತು. ಇದಕ್ಕೆ ಸಾಧನದ ಬೆಂಬಲವೂ ಬೇಕು.

ವೈಫೈಯ ಮೊದಲ ಗೂಢಲಿಪಿ ವೆಪ್ 2001ರಲ್ಲೇ ಮುರಿದುಬಿತ್ತು. 2004ರಲ್ಲಿ ಡಬ್ಲ್ಯುಪಿಎ2, 2018ರಲ್ಲಿ ಡಬ್ಲ್ಯುಪಿಎ3 ಬಂದವು. ಪಾಸ್‌ವರ್ಡ್ ಟೈಪಿಸುವ ತಾಪತ್ರಯ ತಪ್ಪಿಸಲೆಂದು ತಂದ ಡಬ್ಲ್ಯುಪಿಎಸ್ ವಿಧಾನದಲ್ಲಿ ಎಂಟು ಅಂಕಿಯ ಪಿನ್ನನ್ನು ರೂಟರ್ ಎರಡು ತುಂಡಾಗಿ ಪರೀಕ್ಷಿಸುತ್ತಿತ್ತು. ಹಾಗಾಗಿ ಕೋಟಿಗಟ್ಟಲೆ ಸಾಧ್ಯತೆಗಳ ಬದಲು ಸುಮಾರು 11,000 ಪ್ರಯತ್ನಗಳಲ್ಲೇ ಅದನ್ನು ಪತ್ತೆಹಚ್ಚಬಹುದೆಂದು 2011ರ ಡಿಸೆಂಬರಿನಲ್ಲಿ ಬಯಲಾಯಿತು. ಜೋಡಣೆ ಸುಲಭವಾದಂತೆಲ್ಲ ಒಳನುಗ್ಗುವ ದಾರಿಯೂ ಸುಲಭವಾಗಬಹುದೆಂಬುದಕ್ಕೆ ಇದು ಸಾಕ್ಷಿ.

ದೇವಸುಗೂರು ಮತ್ತು ರಾಯಚೂರು ಭಾಗ

ಈ ಬದಲಾವಣೆ ಗ್ರಾಮೀಣ ಭಾಗಕ್ಕೆ ಮುಟ್ಟಿದ ಬಗೆಗೆ ಕೃಷ್ಣಾ ದಂಡೆಯ ದೇವಸುಗೂರು ಒಂದು ಉದಾಹರಣೆ; ಅದು ರಾಯಚೂರು ತಾಲ್ಲೂಕಿನ ಹೋಬಳಿ ಕೇಂದ್ರ. ರಾಜ್ಯ ಸರ್ಕಾರ 2006ರಿಂದ ಇಂಥ ಹೋಬಳಿ ಕೇಂದ್ರಗಳ ಮಟ್ಟದಲ್ಲಿ ತೆರೆದ ನೆಮ್ಮದಿ ಕೇಂದ್ರಗಳು ಉಪಗ್ರಹ ಸಂಪರ್ಕದಿಂದ ಪಹಣಿ, ಜಾತಿ, ಆದಾಯ ಪ್ರಮಾಣಪತ್ರಗಳನ್ನು ಒದಗಿಸಿದವು; ಜಾಲಕ್ಕೆ ನಿಸ್ತಂತು ಸಂಪರ್ಕವಿದ್ದರೂ ಮೇಜಿನ ಮೇಲಿನ ಪ್ರಿಂಟರ್, ಕೀಲಿಮಣೆಗಳಿಗೆ ತಂತಿಯೇ ಗತಿಯಾಗಿದ್ದ ಕಾಲವದು. ಗ್ರಾಮ ಮಟ್ಟದಲ್ಲಿ ಇಂಥವೇ ಸೇವೆಗಳಿಗಾಗಿ 2022ರಲ್ಲಿ ಆರಂಭವಾದ ಗ್ರಾಮ ಒನ್ ಕೇಂದ್ರಗಳ ಹೊತ್ತಿಗೆ ವೈಫೈ ಪ್ರಿಂಟರೂ ಮೊಬೈಲ್ ಹಾಟ್‌ಸ್ಪಾಟೂ ಸಾಮಾನ್ಯವಾಗಿದ್ದವು. ಆದರೆ ಆಧಾರ್ ಬೆರಳ ಗುರುತು ಓದುವ ಯಂತ್ರ ಇಂದಿಗೂ ಹೆಚ್ಚಾಗಿ ಯುಎಸ್‌ಬಿ ತಂತಿಯಲ್ಲೇ ಇದೆ.

ರಾಯಚೂರು, ಮಾನ್ವಿ, ದೇವದುರ್ಗ ಕಡೆಯ ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆಗಳು ಜೋಡಣೆಯ ಮೇಲೂ ಪರಿಣಾಮ ಬೀರುತ್ತವೆ. 5 ಗಿಗಾಹರ್ಟ್ಸ್ ಸಂಕೇತ ವೇಗದ್ದಾದರೂ ಗೋಡೆ ದಾಟುವಾಗ ಬೇಗ ಸೊರಗುತ್ತದೆ, 2.4 ಗಿಗಾಹರ್ಟ್ಸ್ ನಿಧಾನದ್ದಾದರೂ ಒಳಕೋಣೆಯವರೆಗೆ ಮುಟ್ಟುತ್ತದೆ. ಪಡಸಾಲೆಯಲ್ಲಿ ರೂಟರ್ ಇಟ್ಟು ಒಳಕೋಣೆಯಲ್ಲಿ ಕಂಪ್ಯೂಟರ್ ಬಳಸುವವರಿಗೆ ಎರಡನೆಯದೇ ಅನುಕೂಲ. ಆದರೆ ಬ್ಲೂಟೂತ್, ಯುಎಸ್‌ಬಿ ರಿಸೀವರಿನ ಮೌಸ್, ಮೈಕ್ರೊವೇವ್ ಒಲೆ ಎಲ್ಲವೂ ಅದೇ ಪಟ್ಟೆಯಲ್ಲಿ ಸೇರುವುದರಿಂದ ಅಲ್ಲಿ ದಟ್ಟಣೆ ಹೆಚ್ಚು. ಯುಎಸ್‌ಬಿ 3 ಕಿಂಡಿಗಳೂ ಆ ಪಟ್ಟೆಯಲ್ಲಿ ಗದ್ದಲ ಎಬ್ಬಿಸುತ್ತವೆ. ಮೌಸ್ ತಡವರಿಸಿದರೆ ರಿಸೀವರನ್ನು ಬೇರೆ ಕಿಂಡಿಗೆ ಬದಲಿಸುವುದು ಮೊದಲು ಮಾಡಬೇಕಾದ ಪರೀಕ್ಷೆ.

ಈಚಿನ ಬೆಳವಣಿಗೆ

ಈ ದಟ್ಟಣೆಗೆ ಪರಿಹಾರವಾಗಿ 6 ಗಿಗಾಹರ್ಟ್ಸ್ ಆಸುಪಾಸಿನ ಪಟ್ಟೆಯನ್ನು ಹಲವು ದೇಶಗಳು ತೆರೆದಿವೆ. ಭಾರತದಲ್ಲಿ 5925ರಿಂದ 6425 ಮೆಗಾಹರ್ಟ್ಸ್‌ವರೆಗಿನ ಭಾಗವನ್ನು ಪರವಾನಗಿಯಿಂದ ಮುಕ್ತಗೊಳಿಸುವ ಕರಡು ನಿಯಮಗಳನ್ನು ದೂರಸಂಪರ್ಕ ಇಲಾಖೆ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಇದನ್ನು ಬಳಸಲು ವೈಫೈ 6ಇ ಅಥವಾ ಅದಕ್ಕಿಂತ ಹೊಸ ಮಾನಕದ ರೂಟರ್ ಮತ್ತು ಅಡಾಪ್ಟರ್ ಎರಡೂ ಬೇಕು. ಹಳೆಯ ಕಂಪ್ಯೂಟರುಗಳ ಜಾಲಪಟ್ಟಿಯಲ್ಲಿ ಈ ಪಟ್ಟೆಯ ಜಾಲಗಳು ಕಾಣಿಸುವುದಿಲ್ಲ.